ಜಯಾಬಾಯಿಯ ಎರಡನೆಯ ಮಡಿ

ಮಕ್ತಲದ ಜಯಾಬಾಯಿಯವರ ಮಡಿ ಎಂದರೆ ಅಂತಿಂಥದ್ದಲ್ಲ. ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಅಡಿಗೆಮನೆ ಹೊಕ್ಕರೆ, ನೈವೇದ್ಯವಾಗುವವರೆಗೆ ಗಾಳಿಯೂ ಅಪ್ಪಣೆ ಕೇಳಿಯೇ ಒಳಗೆ ಬರಬೇಕು. ಬಟ್ಟೆ ತೊಟ್ಟವರು ಯಾರೂ ಮುಟ್ಟುವಂತಿಲ್ಲ. ಬತ್ತಲೆ ಕೂಸುಗಳಿಗೆ ಮಾತ್ರ ಮಾಫಿ. ಮಗ ವಾದೀಂದ್ರ ಈ ಕಾಯಿದೆಯನ್ನು ಚೆನ್ನಾಗಿ ಅರಿತಿದ್ದ. ಅಮ್ಮ ಬೇಕೆನಿಸಿದೊಡನೆ ಚಡ್ಡಿ ಕಳಚಿ ಹೊಸ್ತಿಲಾಚೆ ಎಸೆದು, ಓಡಿಬಂದು ಕೊರಳಿಗೆ ಜೋತುಬೀಳುತ್ತಿದ್ದ. ಎಂಟಕ್ಕೆ ಮುಂಜಿಯಾಯಿತು, ಆ ಸವಲತ್ತೂ ಮುಗಿಯಿತು. ಎಂಥ ಸುಖದ ದಿನಗಳು ಅವು!

ಎಪ್ಪತ್ತಾರರ ಜಯಾಬಾಯಿ ಹೈದರಾಬಾದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮುರಿದ ಸೊಂಟದ ಕೀಲಿನ ಜಾಗಕ್ಕೆ ಲೋಹದ ಗುಂಡು ಹಾಕಿಸಿಕೊಂಡಿದ್ದರು. ಈಗ ಮೂರು ತಿಂಗಳಿಂದ ಬಿಡದ ಜ್ವರ. ಸೋಂಕು ಆ ಕೀಲಿನಲ್ಲೇ ಇದ್ದರೆ ಮತ್ತೆ ಕೊಯ್ದು ಗುಂಡನ್ನು ತೆಗೆಯಬೇಕು. ಅವರ ಅಂಜಿಕೆಯೆಲ್ಲ ಅದೇ. ಬಾಯಿಬಿಟ್ಟು ಹೇಳುವ ಜಾತಿಯವರಲ್ಲ.

ಬೆಳಿಗ್ಗೆ ಅವರ ರಕ್ತ ತೆಗೆದು, ಅದರ ಬಿಳಿ ಕಣಗಳಿಗೆ ವಿಕಿರಣದ ಗುರುತು ಹಚ್ಚಿ, ತಿರುಗಿ ಅವರ ಮೈಗೇ ಸೇರಿಸಿದ್ದರು. ಬ್ಯಾಕ್ಟೀರಿಯಾ ಅಡಗಿರುವಲ್ಲಿ ಆ ಕಣಗಳು ಹೋಗಿ ಗುಂಪುಗೂಡುತ್ತವೆ, ಕ್ಯಾಮೆರಾಕ್ಕೆ ಕಾಣುತ್ತವೆ. ಜಯಾಬಾಯಿ "ನಂದೇ ರಕ್ತ ಹೌದಲ್ಲೋ?" ಎಂದು ಮೂರು ಸಲ ಕೇಳಿದ್ದರು.

ಸೂಜಿ ಹಾಕಿದ ಅಂಜನಕುಮಾರ್ ಅವರೂರ ಹತ್ತಿರದ ಮಾಗನೂರಿನ ಕಡೆಯವನು. "ಅಮ್ಮಾರ, ಮೈಯಾಗ ವಿಕಿರಣ ಐತ್ರಿ. ನಾಳೆತನಕ ಸಣ್ಣ ಮಕ್ಕಳು, ಬಸುರೇರು ಹತ್ರ ಬರಬಾರದು," ಎಂದ.

"ಇಷ್ಟೇ ಏನು? ಐವತ್ತು ವರ್ಷ ಅದನ್ನೇ ಮಾಡೀನಿ. ಇದು ನಿಮ್ಮ ದವಾಖಾನಿ ಮಡಿ," ಎಂದರು ಜಯಾಬಾಯಿ.

ಬೆಂಚಿನಲ್ಲಿ ಕೂತಾಗ ಇನ್ನೊಂದೂ ನೆನಪಾಯಿತು. ಮುಂಜಿಯ ಮರುವರ್ಷ ವಾದೀಂದ್ರ ಜ್ವರದಿಂದ ಸುಡುತ್ತ ಹೊಸ್ತಿಲಿಗೆ ಬಂದಿದ್ದ. ಅಂದು ಮಾವನವರ ಶ್ರಾದ್ಧ. "ದೂರ ನಿಲ್ಲು," ಎಂದಿದ್ದರು. ನಿಂತ. ಆಮೇಲೆ ಅವನು ತಾನಾಗಿ ಹತ್ತಿರ ಬಂದದ್ದೇ ಇಲ್ಲ. ಗದ್ವಾಲದಲ್ಲಿ ಹೆಡ್‌ಮಾಸ್ತರನಾದ, ಔಷಧಿ ತಂದುಕೊಟ್ಟ, ಹಬ್ಬಕ್ಕೆ ಕಾಲಿಗೆರಗಿದ, ಅಷ್ಟೇ. ತಪ್ಪು ಯಾರದೆಂದು ಜಯಾಬಾಯಿಗೆ ಗೊತ್ತಿತ್ತು.

ಪಕ್ಕದಲ್ಲಿ ಕೂತಿದ್ದ ವಾದೀಂದ್ರ ಮೆಲ್ಲನೆ ಕೈ ಚಾಚಿದ. ಅವರು ಅಭ್ಯಾಸಬಲದಿಂದ ಸರಿದು, "ಮುಟ್ಟಬ್ಯಾಡ," ಎಂದರು.

"ಸಣ್ಣ ಮಕ್ಕಳಿಗೆ ಅಂದಾನಮ್ಮ. ನನಗ ಐವತ್ತು," ಎಂದ ಮಗ. ಆದರೂ ಕೈ ಹಿಂದಕ್ಕೆಳೆದುಕೊಂಡ.

ಮಧ್ಯಾಹ್ನ ಆ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಕಣಗಳೆಲ್ಲ ಸೊಂಟದ ಕೀಲಿನಲ್ಲೇ ಸೇರಿದ್ದವು. ಗುಂಡನ್ನು ತೆಗೆಯಲೇಬೇಕೆಂದು ಹೇಳಿ ಡಾಕ್ಟರು ಹೋದರು. ವಾದೀಂದ್ರ ಫೈಲು ಹಿಡಿದು ದೂರದಲ್ಲೇ ನಿಂತಿದ್ದ.

"ಬಾ ಇಲ್ಲಿ," ಎಂದರು ಜಯಾಬಾಯಿ. "ನನ್ನ ಹಿಡಕೋ. ಭಾಳ ಅಂಜಿಕಿ ಆಗ್ಯದಪಾ."

ಹೆಡ್‌ಮಾಸ್ತರ ವಾದೀಂದ್ರ ಅಷ್ಟು ಜನರ ಎದುರಿಗೆ ತಾಯಿಯ ಕೊರಳು ತಬ್ಬಿಕೊಂಡು ಅತ್ತುಬಿಟ್ಟ.