‘ಏಪ್ರಿಲ್‌ನಲ್ಲಿ ಬನ್ನಿ’ ಎಂದವಳು ನಾನು

2023ರ ಮಾರ್ಚ್‌ನಲ್ಲಿ ನಾನು ಸುಳ್ಯ ತಾಲೂಕಿನ ಗುತ್ತಿಗಾರಿನಲ್ಲಿ ನಮ್ಮ ಬ್ಯಾಂಕಿನ ಮ್ಯಾನೇಜರ್ ಆಗಿದ್ದೆ. ವಾರವಿಡೀ ಅಲ್ಲೇ ಬಾಡಿಗೆ ಕೋಣೆ, ಶನಿವಾರ ಪುತ್ತೂರಿನ ಮನೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮುಂದೆ ನನ್ನ ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿದವರೆಲ್ಲ ಎತ್ತಿ ಹೇಳಿದ್ದು ಆ ಮಾರ್ಚ್ ತಿಂಗಳ ಸಾಲ ವಸೂಲಿಯನ್ನೇ. ಶಾಲು ಹೊದ್ದುಕೊಂಡು, ಹಾರ ಹಾಕಿಸಿಕೊಂಡು ನಾನೂ ನಗುತ್ತಾ ಕುಳಿತಿದ್ದೆ. ಆ ವಸೂಲಿ ಹೇಗಾಯಿತೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಹೇಳಿಬಿಡುತ್ತೇನೆ.

ಬ್ಯಾಂಕಿನವರಿಗೆ ಮಾರ್ಚ್ ಅಂದರೆ ಎನ್‌ಪಿಎ. ಸಾಲದ ಕಂತು ತೊಂಬತ್ತು ದಿನಕ್ಕಿಂತ ಹೆಚ್ಚು ಬಾಕಿಯಾದರೆ ಆ ಸಾಲಕ್ಕೆ ಬೀಳುವ ಹೆಸರು ಅದು. ಶಾಖೆಯಲ್ಲಿ ಅಂಥವು ಎಷ್ಟಿವೆ ಎಂಬುದರ ಮೇಲೆ ಮ್ಯಾನೇಜರ್‌ನ ಮಾನ ಮರ್ಯಾದೆ. ಪ್ರಾದೇಶಿಕ ಕಚೇರಿಯಿಂದ ಬೆಳಿಗ್ಗೆ ಒಂದು ಫೋನ್, ಸಂಜೆ ಒಂದು ಫೋನ್. ‘ಏನು ಮೇಡಂ, ಪಟ್ಟಿ ಅಲ್ಲಾಡುವುದೇ ಇಲ್ಲವಲ್ಲ?’ ಎಂಬ ಕುಹಕ ಬೇರೆ. ನನ್ನ ಪಟ್ಟಿಯಲ್ಲಿದ್ದ ಹನ್ನೊಂದು ಜನರಲ್ಲಿ ಹೊನ್ನಪ್ಪ ಒಬ್ಬ.

ಹೊನ್ನಪ್ಪ ಪೇಟೆಯಲ್ಲಿ ಆಟೋ ಓಡಿಸುವವನು. ಆಟೋ ನಮ್ಮದೇ ಸಾಲದ್ದು. ಕೊರೊನಾದಲ್ಲಿ ಗಾಡಿ ನಿಂತಿತು, ಆಮೇಲೆ ಹೆಂಡತಿಗೆ ಆಪರೇಷನ್ ಆಯಿತು, ಕಂತು ತಪ್ಪಿತು. ಬಡ್ಡಿ ಸೇರಿ ಬಾಕಿ 1,36,400 ರೂಪಾಯಿ. ಕೈಯಲ್ಲಿ ಐನೂರು ಇದ್ದರೆ ಐನೂರನ್ನೇ ತಂದು ಕಟ್ಟಿ ಹೋಗುವ ಮನುಷ್ಯ. ನಮ್ಮನ್ನು ಕಂಡರೆ ರಸ್ತೆ ಬದಲಿಸುವ ಗಿರಾಕಿಗಳ ನಡುವೆ ಅವನೊಬ್ಬ ಆಟೋ ನಿಲ್ಲಿಸಿ ಮಾತಾಡಿಸುತ್ತಿದ್ದ.

ಮಾರ್ಚ್ 28ರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಪಟ್ಟಿಯಲ್ಲಿ ಹತ್ತೇ ಹೆಸರು! ಹೊನ್ನಪ್ಪ ಮಾಯ. ಹುಡುಕಿ ನೋಡಿದೆ. ಹಿಂದಿನ ದಿನ ಅವನ ಉಳಿತಾಯ ಖಾತೆಗೆ 1,40,000 ರೂಪಾಯಿ ಜಮೆಯಾಗಿತ್ತು. ಸಾಲ ಬಾಕಿ ಇದ್ದವರ ಖಾತೆಗೆ ಹಣ ಬಂದರೆ ಕಂಪ್ಯೂಟರ್ ಯಾರನ್ನೂ ಕೇಳದೆ ಎಳೆದುಕೊಳ್ಳುತ್ತದೆ. ಅದಕ್ಕೆ ಆಟೋ ರಿಕವರಿ ಎನ್ನುತ್ತಾರೆ. ಹಾಗೆ ಬಾಕಿ ಪೂರ್ತಿ ಚುಕ್ತಾ ಆಗಿ ಖಾತೆಯಲ್ಲಿ ಉಳಿದದ್ದು 3,600. ಹಣ ಬಂದದ್ದು ಕೊಲ್ಲಿ ದೇಶದಿಂದ. ಕಳಿಸಿದವನದು ಕರಾವಳಿಯ ಬ್ಯಾರಿ ಮುಸ್ಲಿಮರ ಒಂದು ಹೆಸರು, ಜೊತೆಗೆ ‘ಕುಟುಂಬಕ್ಕೆ ಸಹಾಯ’ ಎಂಬ ಒಕ್ಕಣೆ. ಹೊನ್ನಪ್ಪನ ಕುಟುಂಬಕ್ಕೆ ಕೊಲ್ಲಿಯಿಂದ ಯಾರು ಸಹಾಯ ಕಳಿಸುತ್ತಾರೆ? ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಮಣ್ಣು ಹೊತ್ತವಳಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು.

ಅಷ್ಟರಲ್ಲಿ ಅವನದೇ ಫೋನ್ ಬಂತು.

“ಮೇಡಂ, ನಂಗೊಂದು ಮೆಸೇಜು ಬಂದುಂಟು. ಒಂದು ಲಕ್ಷ ನಲ್ವತ್ತು ಸಾವಿರ! ನಂಗೆ ಅಷ್ಟು ಕೊಡುವವರು ಯಾರಿದ್ದಾರೆ ಮಾರಾಯ್ರೆ? ಅದು ನನ್ನದಲ್ಲ. ಈಗ ಎಂತ ಮಾಡುದು?”

ಆ ದಿನ ಒಂದು ಅರ್ಜಿ ಬರೆಸಿಕೊಂಡಿದ್ದರೆ ವಸೂಲಿಯನ್ನು ನಾನೇ ರದ್ದು ಮಾಡಿ, ಹಣವನ್ನು ಬಂದ ದಾರಿಯಲ್ಲೇ ಕಳಿಸಬಹುದಿತ್ತು. ಹತ್ತು ನಿಮಿಷದ ಕೆಲಸ. ಆದರೆ ಪಟ್ಟಿ ಪುನಃ ಹನ್ನೊಂದಕ್ಕೆ ಏರುತ್ತಿತ್ತು.

“ಈಗ ಇಯರ್ ಎಂಡ್ ಗಡಿಬಿಡಿ ಹೊನ್ನಪ್ಪ. ಏಪ್ರಿಲ್‌ನಲ್ಲಿ ಬನ್ನಿ, ನೋಡುವ” ಎಂದೆ.

“ಆಯ್ತು ಮೇಡಂ. ನಾನು ಹೇಳಿದ್ದೇನೆ ಅಲ್ಲ? ನೆನಪಿರಲಿ” ಎಂದು ಫೋನ್ ಇಟ್ಟ.

ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿತು. ಪ್ರಾದೇಶಿಕ ಕಚೇರಿಯಿಂದ ಶಹಬ್ಬಾಸ್‌ಗಿರಿ ಬಂತು, ವಾರದಲ್ಲಿ ಪ್ರಶಂಸಾ ಪತ್ರವೂ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು ಓದಿ ನನಗೆ ಖುಷಿಯೇ ಆಗಿತ್ತು.

ಏಪ್ರಿಲ್ ಎರಡನೇ ವಾರ ಐಸಮ್ಮ ಬಂದರು. ಬೆಟ್ಟಂಪಾಡಿಯವರು, ಅರುವತ್ತರ ಆಸುಪಾಸು. ಪುತ್ತೂರು, ಸುಳ್ಯ ಎಂದು ಬಸ್ಸು ಬದಲಿಸಿ ಬದಲಿಸಿ ಒಬ್ಬರೇ ಬಂದಿದ್ದರು. ಮುಖ ಬಾಡಿತ್ತು. ಕುಡಿಯಲು ನೀರು ತರಿಸಿದೆ. “ಬೇಡ ಮೇಡಂ, ಉಪವಾಸ ಉಂಟು” ಎಂದರು. ರಂಜಾನ್ ತಿಂಗಳು ನಡೆಯುತ್ತಿದೆ ಎಂಬುದೂ ನನಗೆ ಹೊಳೆದಿರಲಿಲ್ಲ.

ಅವರ ಮಗ ಹನೀಫ ಕೊಲ್ಲಿಯಲ್ಲಿ ಕೆಲಸಕ್ಕಿದ್ದವನು ಮಾರ್ಚ್ ಮೊದಲ ವಾರ ಹೃದಯಾಘಾತದಿಂದ ತೀರಿಕೊಂಡಿದ್ದ. ಅವನ ಕೋಣೆಯಲ್ಲಿದ್ದ ಗೆಳೆಯರು ತಮ್ಮ ತಮ್ಮೊಳಗೆ ಒಟ್ಟು ಮಾಡಿ ತಾಯಿಗೆ ಕಳಿಸಿದ ಹಣ ಅದು. ತಾಯಿಯ ಖಾತೆಯೂ ನಮ್ಮ ಬ್ಯಾಂಕಿನದೇ, ಶಾಖೆ ಬೇರೆ. ಸಂಖ್ಯೆ ಬರೆಯುವಾಗ ಎರಡು ಅಂಕಿ ಹಿಂದುಮುಂದಾಗಿದ್ದವು. ಹೀಗೆ ಬರುವ ಹಣಕ್ಕೆ ಯಂತ್ರ ಹೆಸರನ್ನು ತಾಳೆ ನೋಡುವುದಿಲ್ಲ; ಆ ಸಂಖ್ಯೆಯ ಖಾತೆ ಇದ್ದರೆ ಸಾಕು, ಜಮೆ. ಹಣ ಗುತ್ತಿಗಾರಿಗೆ ಹೋಗಿದೆ ಎಂದು ಅವರ ಶಾಖೆಯವರು ಹೇಳಿ ಕಳಿಸಿದ್ದರು.

“ವೀಸಾಕ್ಕೆ ಅಂತ ಅವನು ಇಬ್ಬರ ಹತ್ರ ಸಾಲ ಮಾಡಿದ್ದ ಮೇಡಂ. ಸತ್ತವರ ಸಾಲ ಇಟ್ಕೊಳ್ಳಬಾರದು ನಮ್ಮಲ್ಲಿ. ಸಾಲ ತೀರುವವರೆಗೆ ಅವನಿಗೆ ಅಲ್ಲಿ ಬಿಡುಗಡೆ ಇಲ್ಲ” ಎಂದರು ಐಸಮ್ಮ. “ಹಬ್ಬದ ಮೊದಲು ಕೊಟ್ಟುಬಿಡ್ತೇನೆ ಅಂತ ಹೇಳಿದ್ದೇನೆ. ನಂಗೆ ಒಂದು ರೂಪಾಯಿಯೂ ಬೇಡ.”

ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇತ್ತು. ಅವರನ್ನು ಎದುರಿಗೆ ಕೂರಿಸಿಕೊಂಡೇ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿದೆ. ವಸೂಲಿ ರದ್ದು ಮಾಡಲು ಈಗ ಅವರ ಅನುಮತಿ ಬೇಕಿತ್ತು.

“ಮಾರ್ಚ್ ಲೆಕ್ಕ ಮೇಲೆ ಹೋಗಿ ಆಯ್ತಲ್ಲ ಮೇಡಂ, ಈಗ ಅದನ್ನು ಕೆದಕಬೇಡಿ. ಹಣ ಬಂದದ್ದು ಅವನ ಖಾತೆಗೆ, ತೀರಿದ್ದು ಅವನ ಸಾಲ. ಅವನೇ ಕೊಡಲಿ. ಅವನಿಗೇನು ನಷ್ಟ?” ಎಂದರು ಆ ಕಡೆಯವರು.

ಲೆಕ್ಕದಲ್ಲಿ ಅವರ ಮಾತು ಸರಿಯೇ. ಬಾಕಿ ಹೇಗೂ ಹೊನ್ನಪ್ಪ ಕಟ್ಟಬೇಕಾದದ್ದೇ. ಆದರೆ ಐನೂರು, ಸಾವಿರ ಎಂದು ಕಟ್ಟುತ್ತಿದ್ದವನು ಒಂದೇ ಗಂಟಿನಲ್ಲಿ ಎಲ್ಲಿಂದ ತರಬೇಕು? ‘ಅವನು ಮೊದಲೇ ತಿಳಿಸಿದ್ದ, ನಾನೇ ತಡೆದೆ’ ಎಂದು ಒಂದು ಸಾಲು ಬರೆದು ಕಳಿಸಿದ್ದರೆ ಅನುಮತಿ ಕೊಡದೆ ವಿಧಿಯಿರಲಿಲ್ಲ. ಆ ಸಾಲು ಬರೆದರೆ ನನ್ನ ಮೇಲೆ ವಿಚಾರಣೆ, ಪಿಂಚಣಿಗೆ ಕುತ್ತು. ನಾನು ಬರೆಯಲಿಲ್ಲ. ಹೊನ್ನಪ್ಪನಿಗೆ ಹೇಳಿಕಳಿಸಿದೆ.

ಅವನು ಖಾಕಿ ಅಂಗಿಯಲ್ಲೇ ಓಡಿಬಂದ. ವಿಷಯ ಕೇಳಿ ಐಸಮ್ಮನ ಮುಖ ನೋಡಿದ, ಆಮೇಲೆ ನನ್ನ ಮುಖ.

“ನಾನು ಆವತ್ತೇ ಫೋನ್ ಮಾಡಿ ಹೇಳಿದ್ದೆ ಅಲ್ವಾ ಮೇಡಂ?”

“ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ ಹೊನ್ನಪ್ಪ, ಬರೆದು ಕೊಡಬೇಕಿತ್ತು” ಎಂದೆ. ಇಂಥ ಮಾತು ಬಾಯಿಗೆ ತಾನಾಗಿ ಬರುವುದಕ್ಕೆ ಎಷ್ಟು ವರ್ಷದ ಸರ್ವಿಸ್ ಬೇಕು ಗೊತ್ತೇ!

ಅವನು ನನ್ನೊಡನೆ ವಾದಕ್ಕೆ ಇಳಿಯಲಿಲ್ಲ. ಐಸಮ್ಮನ ಕಡೆ ತಿರುಗಿ, “ನೀವು ಹೋಗಿ ಅಮ್ಮ. ಹಬ್ಬದ ಮೊದಲು ನಿಮ್ಮ ಹಣ ಬರ್ತದೆ. ನಿಮ್ಮ ಮಗನ ದುಡ್ಡಲ್ಲಿ ನನ್ನ ಸಾಲ ತೀರುದು ಬೇಡ” ಎಂದ. ಅವರನ್ನು ತನ್ನದೇ ಆಟೋದಲ್ಲಿ ಸುಳ್ಯದವರೆಗೆ ಬಿಟ್ಟುಬಂದ ಎಂದು ಆಮೇಲೆ ತಿಳಿಯಿತು.

ಮೂರನೇ ದಿನ ಹೆಂಡತಿಯ ಜೊತೆ ಬಂದ. ಆಕೆ ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟದ್ದು ಎರಡು ಬಳೆ, ಒಂದು ಸರ. ನಾಲ್ಕೂವರೆ ಪವನು, ಅಂದರೆ ಮೂವತ್ತಾರು ಗ್ರಾಂ. ತವರಿನಿಂದ ಬಂದ ಚಿನ್ನ. ಕೊರೊನಾದಲ್ಲೂ, ಆಪರೇಷನ್ನಿಗೂ ಅಡವಿಟ್ಟಿರಲಿಲ್ಲ. ನಮ್ಮ ಶಾಖೆಯಲ್ಲೇ ತೂಗಿಸಿದೆ, ಅದರ ಮೇಲಿನ ಸಾಲಕ್ಕೆ ನಾನೇ ಸಹಿ ಹಾಕಿದೆ. ಖಾತೆಯಲ್ಲಿ ಉಳಿದಿದ್ದ 3,600 ಸೇರಿಸಿ 1,40,000 ಪೂರ್ತಿ ಐಸಮ್ಮನ ಖಾತೆಗೆ ಹೋಯಿತು. ನಮ್ಮ ಬ್ಯಾಂಕಿಗೆ ಹಳೆಯ ಬಾಕಿಯೂ ಬಂತು, ಹೊಸ ಚಿನ್ನದ ಸಾಲವೂ ಸಿಕ್ಕಿತು. ಆ ತಿಂಗಳ ಚಿನ್ನದ ಸಾಲದ ಗುರಿಗೂ ಅದು ಒದಗಿತು. ಅರ್ಜಿಯ ಶುಲ್ಕವೊಂದನ್ನು ನಾನು ಕೈಯಿಂದ ಹಾಕಿದೆ. ನನ್ನ ಔದಾರ್ಯ ಅಷ್ಟೇ.

ಹಬ್ಬದ ಮರುದಿನ ಐಸಮ್ಮ ಫೋನ್ ಮಾಡಿದರು. ಮಗನ ಸಾಲ ತೀರಿತು ಎಂದು ಹೇಳುತ್ತಾ ಅತ್ತರು. “ನಿಮ್ಮಿಂದ ಆಯ್ತು ಮೇಡಂ. ದೇವರು ನಿಮ್ಮನ್ನು ಚೆನ್ನಾಗಿ ಇಡ್ಲಿ” ಎಂದರು. ‘ನನ್ನಿಂದಲ್ಲ ತಾಯಿ’ ಎನ್ನಬೇಕಿತ್ತು. ‘ಒಳ್ಳೆಯದಾಗಲಿ’ ಎಂದು ಫೋನ್ ಇಟ್ಟೆ.

ಆ ಚಿನ್ನ ಬಿಡಿಸಲು ಹೊನ್ನಪ್ಪನಿಗೆ ಆಗಲೇ ಇಲ್ಲ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ಸಾಲ ನವೀಕರಿಸುತ್ತಿದ್ದ. ನಾನು ತಿಜೋರಿಯ ಕೀ ಒಪ್ಪಿಸಿ ಹೊರಬಿದ್ದ ದಿನವೂ ಆ ಪೊಟ್ಟಣ ಒಳಗೇ ಇತ್ತು.

ಅದೇ ದಿನ ಹಾರ, ಹಣ್ಣಿನ ಬುಟ್ಟಿ ಹಿಡಿದುಕೊಂಡು ರಸ್ತೆಗೆ ಬಂದಾಗ ಎದುರಿಗೆ ನಿಂತದ್ದು ಅವನ ಆಟೋ. ಹತ್ತಿ ಕುಳಿತೆ. ನನ್ನ ಕೋಣೆಯವರೆಗೆ ಆಟೋ ಬಾಡಿಗೆ ನಲವತ್ತು ರೂಪಾಯಿ. ಇಳಿದು ಐನೂರರ ನೋಟು ಕೊಟ್ಟು, “ಇರಲಿ ಹೊನ್ನಪ್ಪ, ಇಟ್ಟುಕೊಳ್ಳಿ” ಎಂದೆ. ಅವನು ಸಿಟ್ಟಾಗಲಿಲ್ಲ. ಜೇಬಿನಿಂದ ನೋಟು ತೆಗೆದು ನಿಧಾನವಾಗಿ ಎಣಿಸಿ ನಾನೂರ ಅರುವತ್ತನ್ನೂ ನನ್ನ ಅಂಗೈಯಲ್ಲಿಟ್ಟ.

“ಅದು ನನ್ನದಲ್ಲ ಮೇಡಂ.”

ತಪ್ಪಿ ಬಂದ ಹಣವನ್ನು ತಕ್ಷಣ ಹಿಂತಿರುಗಿಸಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವ ಬೋರ್ಡನ್ನು ಶಾಖೆಯ ಗೋಡೆಗೆ ಹಾಕಿಸಿದವಳು ನಾನೇ. ಅದನ್ನು ಓದಬೇಕಾದವರು ಗೋಡೆಯ ಈಚೆ ಮ್ಯಾನೇಜರ್ ಕುರ್ಚಿಯಲ್ಲಿ ಕೂತಿರುತ್ತಾರೆ ಎಂಬುದನ್ನು ಕೆಲಸ ನನಗೆ ಕಲಿಸಿತು, ಆದರೆ ಕಲಿಯುವಾಗ ಕೈಯಲ್ಲಿದ್ದ ಅಧಿಕಾರ ಮುಗಿದಿತ್ತು. ಪ್ರಶಂಸಾ ಪತ್ರ ಇನ್ನೂ ನನ್ನ ಹತ್ತಿರವೇ ಇದೆ. ಅದು ನನ್ನದಲ್ಲ, ಹಿಂತಿರುಗಿಸುವ ಧೈರ್ಯ ಇವತ್ತಿಗೂ ಬಂದಿಲ್ಲ.