ಅಮ್ಮ ಮತ್ತು ತಂತಿ ವಿಮಾನ

ನಮ್ಮಮ್ಮ ಸುವರ್ಣಾಗೆ ಎಪ್ಪತ್ತು ದಾಟಿದೆ. ಅನುಮಾನಕ್ಕೆ ಮಾತ್ರ ಇನ್ನೂ ಹರೆಯ. ಬಸವೇಶ್ವರನಗರದ ನಮ್ಮ ಮನೆಗೆ ಪಾರ್ಸೆಲ್ ತರುವ ಅಮರೇಶ ದಿನಾ ಬರುವವನೇ. ಆದರೂ ಹೆಲ್ಮೆಟ್ ತೆಗೆಸಿ, ಮುಖ ನೋಡಿ, ಆಮೇಲೇ ಗೇಟು ತೆಗೆಯುತ್ತಾಳೆ. ಹಾಲಿನ ಪ್ಯಾಕೆಟ್ ಒಡೆದ ಕೂಡಲೇ ಮೂಸುತ್ತಾಳೆ. ಒಬ್ಬ ಡಾಕ್ಟರು ಹೇಳಿದ್ದನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕೇಳಿ, ಕೊನೆಗೆ ಇಬ್ಬರನ್ನೂ ಬೈಯುತ್ತಾಳೆ. ಇಂಥವಳ ಮಗಳು ಚಿಕ್ಕಂದಿನಲ್ಲಿ ವಿಮಾನ ಹಾರಿಸಲು ಕಲಿತಳು ಅಂದರೆ ಯಾರೂ ನಂಬಲ್ಲ.

ಆಗ ನನಗೆ ಹತ್ತು ವರ್ಷ. ಹಿಂದಿನ ಬೀದಿಯಲ್ಲಿ ಚನ್ನಕೇಶವ ಅಂತ ಒಬ್ಬರಿದ್ದರು. ಕಾರ್ಖಾನೆ ಕೆಲಸ, ಮದುವೆ ಆಗಿರಲಿಲ್ಲ. ಭಾನುವಾರ ನಂದಿನಿ ಲೇಔಟಿನ ಕಡೆ, ಆಗಿನ್ನೂ ಖಾಲಿಯಿದ್ದ ಮೈದಾನದಲ್ಲಿ ಪುಟ್ಟ ಇಂಜಿನ್ನಿನ ವಿಮಾನ ಹಾರಿಸುತ್ತಿದ್ದರು. ರಿಮೋಟು ಗಿಮೋಟು ಇಲ್ಲ. ರೆಕ್ಕೆಯಿಂದ ಎರಡು ಸಣ್ಣ ತಂತಿ ಬಂದು ಕೈಯಲ್ಲಿರುವ ಹಿಡಿಗೆ ಸೇರುತ್ತವೆ. ನಾವು ನಡುವೆ ನಿಂತು ತಿರುಗಬೇಕು, ಅದು ನಮ್ಮ ಸುತ್ತ ಗುಂಯ್ ಅಂತ ಸುತ್ತುತ್ತೆ. ಹಿಡಿಯನ್ನು ಮೇಲಕ್ಕೆ ವಾಲಿಸಿದರೆ ಏರುತ್ತೆ, ಕೆಳಕ್ಕೆ ವಾಲಿಸಿದರೆ ಇಳಿಯುತ್ತೆ. ಕಣ್ಣು ಮಾತ್ರ ವಿಮಾನದ ಮೇಲೇ ಇರಬೇಕು. ಬೇರೆ ಕಡೆ ನೋಡಿದರೋ, ತಲೆ ತಿರುಗಿ ಬೀಳುವುದೇ.

ನಾನೂ ಕಲೀಬೇಕು ಅಂತ ಹಠ ಹಿಡಿದೆ. ಅಮ್ಮನ ಕಿವಿ ನೆಟ್ಟಗಾಯಿತು. ಒಂಟಿ ಗಂಡಸು, ಹತ್ತಿರ ಬಂದರೆ ಸ್ಪಿರಿಟ್ ವಾಸನೆ. ಕುಡುಕನೇ ಅಂತ ತೀರ್ಪು ಕೊಟ್ಟೇಬಿಟ್ಟಳು. ಸೀದಾ ಮೈದಾನಕ್ಕೆ ಬಂದು ಅವರ ಇಂಧನದ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಆ ಇಂಜಿನ್ನಿಗೆ ಸ್ಪಿರಿಟ್ಟಿನ ಜೊತೆ ಹರಳೆಣ್ಣೆ ಬೆರೆಸಿ ಹಾಕುತ್ತಾರೆ. ಶನಿವಾರ ಶನಿವಾರ ನನ್ನ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಇದನ್ನು ಕುಡಿದವನು ಮೈದಾನದಲ್ಲಿ ನಿಲ್ಲೋಕಾಗುತ್ತಾ, ಕಕ್ಕಸಿಗೆ ಓಡಬೇಕಷ್ಟೆ ಅಂತ ಅಮ್ಮನ ಲೆಕ್ಕ. ಕುಡುಕನ ಪಟ್ಟ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಈ ವಿದ್ಯೆಯನ್ನು ಕಲಿಯುವವರ ಹಿಂದೆ ನಿಂತು, ಕೈಮೇಲೆ ಕೈಯಿಟ್ಟು ಕಲಿಸಬೇಕು. ಅದು ಗೊತ್ತಾಗಿದ್ದೇ ಅಮ್ಮ ಮುಖ ಗಂಟಿಕ್ಕಿದಳು. ಚನ್ನಕೇಶವ ಬೇಜಾರು ಮಾಡಿಕೊಳ್ಳಲಿಲ್ಲ.

"ಹಾಗಾದ್ರೆ ಮೊದಲು ನೀವು ಕಲೀರಿ. ಮಗಳಿಗೆ ನೀವೇ ಹೇಳ್ಕೊಡಿ" ಅಂದರು.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತೇಬಿಟ್ಟಳು. ಅವರು ದೂರದಿಂದ ಕೂಗಿ ಹೇಳುವುದು, ಇವಳು ಅದನ್ನೂ ಅನುಮಾನಿಸಿ ಉಲ್ಟಾ ಮಾಡುವುದು, ವಿಮಾನ ಮಣ್ಣು ಮುಕ್ಕುವುದು. ಅವರು ಪಾಪ, ಅಂಟಿಸಿ ಅಂಟಿಸಿ ಮತ್ತೆ ತರುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮ ಚೆನ್ನಾಗಿಯೇ ಹಾರಿಸುತ್ತಿದ್ದಳು. ನನಗೆ ಹೊಟ್ಟೆ ಉರಿ.

ಕೊನೆಗೂ ನನ್ನ ಸರದಿ ಬಂತು. ಅಮ್ಮ ಹಿಂದೆ ನಿಂತು ನನ್ನ ಕೈಮೇಲೆ ಕೈಯಿಟ್ಟಳು. ಚನ್ನಕೇಶವ ಇಂಜಿನ್ ಶುರು ಮಾಡಿ ಬಿಟ್ಟರು. ವಿಮಾನ ಎದ್ದಿತು, ಒಂದು ಸಲ ನೆಲದ ಕಡೆ ಮುಗ್ಗರಿಸಿತು, ಸುಧಾರಿಸಿಕೊಂಡಿತು, ಆಮೇಲೆ ಒಂದೇ ಸಮ ಹಾರಿತು. ಇಂಧನ ಮುಗಿದು ಅದು ಇಳಿದಾಗ ನನಗೆ ಅಳು ಬಂತು. ನಾನೇ ಹಾರಿಸಬೇಕು ಅನ್ನೋದೊಂದೇ ನನ್ನ ಆಸೆ. ಅಷ್ಟು ನೀಟಾಗಿ ಹಾರಿದೆ ಅಂದರೆ ನನ್ನ ಕೈಯಲ್ಲಿ ಆಗಿದ್ದಲ್ಲ, ಮೇಲೆ ಕೈಯಿಟ್ಟುಕೊಂಡು ಇವಳೇ ಹಾರಿಸಿದ್ದಾಳೆ. ಮೋಸ ಅಂತ ಜಗಳ ತೆಗೆದೆ.

ಅಮ್ಮ ಮಣ್ಣಲ್ಲೇ ಕುಸಿದು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ನಾನೆಲ್ಲೇ ಹಾರಿಸಿದೆ? ವಿಮಾನ ಬಿಟ್ಟು ನಿನ್ನನ್ನೇ ನೋಡ್ತಾ ಇದ್ದೆ. ತಲೆ ತಿರುಗ್ತು. ಮೊದಲನೇ ಸುತ್ತಿಗೇ ಕಣ್ಣು ಮುಚ್ಕೊಂಡೆ."

ನಾನು ನಂಬಲಿಲ್ಲ, ಅವಳ ಮಗಳೇ ತಾನೇ. ಚನ್ನಕೇಶವರನ್ನು ಕೇಳಿದೆ. ನಿಮ್ಮಮ್ಮ ಕಣ್ಣು ಮುಚ್ಚಿದ್ದನ್ನು ನಾನೂ ನೋಡಿದೆ, ಜೀವ ಬಾಯಿಗೆ ಬಂದಿತ್ತು ಅಂದರು. ವಿಮಾನ ನೆಲಕ್ಕೆ ಬಡಿದಿದ್ದರೆ ಏನು ಗತಿ ಅಂತ ಅಮ್ಮನನ್ನು ಕೇಳಿದೆ.

ಹಾಲನ್ನೂ ಮೂಸಿ ನೋಡುವ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: "ಯಾಕೆ ಬಡಿಯುತ್ತೆ? ಹಿಡಿ ನಿನ್ನ ಕೈಲಿತ್ತಲ್ಲ."