ಅರಿಶಿನ ಹತ್ತಿದ ಬಿಲ್ಲೆ

ಜೂಜಾಡಿದವಳಲ್ಲ ನಾನು. ಇಸ್ಪೀಟಿನಲ್ಲಿ ರಾಜ ಯಾರು, ಗುಲಾಮ ಯಾರು ಎಂಬುದೂ ಗೊತ್ತಿಲ್ಲ. ಆದರೂ ನಿಲಂಗಾದ ನಮ್ಮ ಮನೆಯ ಟ್ರಂಕಿನಲ್ಲಿ ಕ್ಯಾಸಿನೊ ಬಿಲ್ಲೆಗಳಿವೆ. ಅನ್ನುವವರು ಅಂದುಕೊಳ್ಳಲಿ.

ಭಾಲ್ಕಿಯ ನನ್ನ ತಮ್ಮ ಗೋವಾದಲ್ಲಿ ಜೂಜಿನ ಹಡಗೊಂದರ ಅಡಿಗೆಯವನು. ಅಲ್ಲಿ ದುಡ್ಡಿನ ಬದಲು ಆಡಲು ಕೊಡುವ ದುಂಡನೆಯ ಬಿಲ್ಲೆಯೊಂದನ್ನು ರಾಖಿ ಹುಣ್ಣಿಮೆಗೆ ತಂದುಕೊಟ್ಟ. ಬಣ್ಣಕ್ಕೆ ಮರುಳಾದೆ. ಮರುವರ್ಷದಿಂದ ಸೀರೆ ಬೇಡ, ಬಿಲ್ಲೆ ತಾ ಎಂದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನೆರೆಯವರು ನಕ್ಕರು. ಅತ್ತೆಯಂತೂ ಸಿಡಿದುಬಿದ್ದರು: “ದೇವರ ಜಗಲಿ ಇರೋ ಮನ್ಯಾಗ ಜೂಜಿನ ಹೊಲಸು ಬ್ಯಾಡ.” ನಾನು ಟ್ರಂಕಿಗೆ ಬೀಗ ಹಾಕಿದೆ, ಹವ್ಯಾಸ ಬಿಡಲಿಲ್ಲ.

ಬರಬರುತ್ತ ಕಿಮ್ಮತ್ತಿನ ಮರ್ಮ ತಿಳಿಯಿತು. ಬಿಲ್ಲೆಯ ಮೇಲಿನ ಅಂಕಿಗೆ ಬೆಲೆಯಿಲ್ಲ. ಅಂಚು ಸವೆಯದಿರಬೇಕು, ಅಚ್ಚು ಮಾಸದಿರಬೇಕು. ಕ್ಯಾಸಿನೊ ಮುಚ್ಚಿ, ಉಳಿದ ಬಿಲ್ಲೆಗಳನ್ನೆಲ್ಲ ಪುಡಿಮಾಡಿದ್ದರಂತೂ ಕೈಯಲ್ಲಿರುವುದು ಬಂಗಾರ. ಅಂಥದ್ದೊಂದು ನನ್ನಲ್ಲಿತ್ತು, ಹಾಲಿನಷ್ಟು ಬಿಳಿ. ಉದಗೀರದ ಸಂಗ್ರಹಕಾರರೊಬ್ಬರು ದೀಪಾವಳಿ ಪಾಡ್ಯದ ದಿನ ನೋಡಲು ಬರುತ್ತೇನೆಂದರು. ಅವರ ಬಾಯಿಂದ ಬೆಲೆ ಹೊರಟರೆ ಊರಿನ ಬಾಯಿ ಮುಚ್ಚುತ್ತದೆ ಎಂದು ನಾನು ಹಿಗ್ಗಿದ್ದೆ. ಬಿಲ್ಲೆಯನ್ನು ಅರಳೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಹಬ್ಬದ ಚೆಂಡುಹೂವಿಗೆಂದು ಕಾಸಾರಶಿರಸಿ ಪೇಟೆಗೆ ಹೋದೆ.

ಬಂದು ನೋಡಿದರೆ ಲಕ್ಷ್ಮೀಪೂಜೆಯ ಮಣೆ ಸಿದ್ಧ. ಹೊಸ ಕಸಬರಿಗೆ, ಅತ್ತೆಯ ಬೋರಮಾಳ ಸರ, ನಡುವೆ ನನ್ನ ಬಿಲ್ಲೆ! ಅದರ ಮೇಲೆ ಹಸಿ ಅರಿಶಿನ, ಕುಂಕುಮ. ಏನಿದು ಎಂದು ಚೀರಿದೆ.

ಅತ್ತೆ ತಲೆ ಎತ್ತಲಿಲ್ಲ. “ನೀ ಇಷ್ಟ್ ಜ್ವಾಪಾನ ಮಾಡ್ತಿ ಅಂದ್ರ ಅದೂ ಲಕ್ಷ್ಮೀನೇ. ಭೂಕಂಪ್ದಾಗ ಸಾಸ್ತೂರದ ನನ್ನ ತವರ್ಮನಿ ಕುಸದಾಗ ನಮ್ಮವ್ವಂದು ಒಂದ್ ಚಮಚಾನೂ ಸಿಗಲಿಲ್ಲ ನನಗ.”

ನಾನು ತಂದ ಚೆಂಡುಹೂಗಳನ್ನು ಮಣೆಯ ಸುತ್ತ ಇಟ್ಟೆ.

ಪಾಡ್ಯದ ದಿನ ಸಂಗ್ರಹಕಾರರು ಬಿಲ್ಲೆಯನ್ನು ಬೆಳಕಿಗೆ ಹಿಡಿದರು. ಅಂಚು, ಅಚ್ಚು ಎರಡನ್ನೂ ಹೊಗಳಿದರು. ಆಮೇಲೆ ಮುಖ ಹಿಂಡಿದರು. “ಅರಿಶಿನದ ಕಲಿ ಬಿದ್ದದ್ದಕ್ಕ ಕಿಮ್ಮತ್ ಇಲ್ರೀ ಅಕ್ಕಾರ. ಇರ್ಲಿ, ಇದನ್ನ ತಗೀಲಿಕ್ಕ ನನಗ ಬರ್ತದ” ಎಂದು ಚೀಲದಿಂದ ಬಾಟಲಿ, ಅರಿವೆ ತೆಗೆದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಂದೂ ಯಾರಿಗೂ ತಗ್ಗದ ಹೆಂಗಸು, ಸಣ್ಣ ದನಿಯಲ್ಲಿ ಕೇಳಿದರು: “ನನ್ನಿಂದ ಕೆಟ್ತೇನವಾ?”

ನಾನು ಸಂಗ್ರಹಕಾರರ ಕೈಯಿಂದ ಬಿಲ್ಲೆ ಕಸಿದುಕೊಂಡೆ. “ಬಾಟ್ಲಿ ಮುಚ್ರೀ ಸಾಹೇಬ್ರ. ಇದು ಕಲಿ ಅಲ್ಲ.”

ಅವರು ಚಹಾ ಕೂಡ ಕುಡಿಯದೆ ಹೋದರು. ಹೋಗಲಿ. ನಾನು ನೆಟ್ಟಗೆ ದೇವರ ಜಗಲಿಯ ಮುಂದೆ ಹೋಗಿ ನಿಂತೆ. ಅತ್ತೆ ಹಿಂದೆಯೇ ಬಂದು, ವಿಭೂತಿ ಗಟ್ಟಿಯನ್ನು ಸರಿಸಿ ಬಿಲ್ಲೆಗೆ ಜಾಗ ಮಾಡಿಕೊಟ್ಟರು.